ಬೆನ್ನಿನ ಟಿ-ಸ್ಕೋರ್ ಒಂದನ್ನೇ ನೋಡಿ ನಿಶ್ಚಿಂತೆಯಾಗಬೇಡಿ

ಪ್ರಶ್ನೆ: ಅಮ್ಮನಿಗೆ 68. ಹಾಸನದಲ್ಲಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿದ ಅಂಕಿ) ಬೆನ್ನುಮೂಳೆಯಲ್ಲಿ ಮೈನಸ್ 0.8, ತೊಡೆಮೂಳೆಯ ಕತ್ತಿನಲ್ಲಿ ಮೈನಸ್ 2.7 ಇದೆ. ಬೆನ್ನು ನಾರ್ಮಲ್ ಇದೆಯಲ್ಲ, ಚಿಕಿತ್ಸೆ ಯಾಕೆ ಅಂತಾರೆ ಮನೆಯವರು. ಬೆನ್ನುನೋವು ಇದೆ, ಎಣ್ಣೆ ಹಾಕಿ ತಿಕ್ಕಿಸಬಹುದಾ?
– ಓದುಗರು, ಸಕಲೇಶಪುರ

ಉತ್ತರ: ತಿಕ್ಕಿಸಬೇಡಿ. ಚಿಕಿತ್ಸೆಯನ್ನೂ ಬಿಡಬೇಡಿ. ಇಂಥ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಚೆನ್ನಾಗಿರುವ ಅಂಕಿಯನ್ನು ಮಾತ್ರ ನಂಬಿ, ಸ್ಕ್ಯಾನಿನ ಚಿತ್ರವನ್ನು ಮನೆಯಲ್ಲೇ ಬಿಟ್ಟು ಬರುತ್ತೀರಿ. ನಮಗೆ ಮೊದಲು ಬೇಕಾದದ್ದೇ ಆ ಚಿತ್ರ.

ಬೆನ್ನಿನಲ್ಲಿ ಡೆಕ್ಸಾ ಅಳೆಯುವುದು ಸೊಂಟದ ಭಾಗದ ಮೇಲಿನ ನಾಲ್ಕು ಮೂಳೆಗಳನ್ನು, ಎಲ್1ರಿಂದ ಎಲ್4ರವರೆಗೆ. ಕಿರಣ ಹಾದುಹೋಗುವ ದಾರಿಯಲ್ಲಿ ಎಲ್ಲಿ ಸುಣ್ಣದ ಅಂಶ ಸಿಕ್ಕರೂ ಮಷಿನ್ ಅದನ್ನು ಮೂಳೆಯ ಲೆಕ್ಕಕ್ಕೇ ಸೇರಿಸುತ್ತದೆ. ವಯಸ್ಸಾದವರ ಬೆನ್ನಿನಲ್ಲಿ ಸವೆತದಿಂದ ಮೂಳೆಯ ಅಂಚು ಕೊಕ್ಕೆಯಂತೆ ಬೆಳೆದಿರುತ್ತದೆ. ಮುಂದಿರುವ ದೊಡ್ಡ ರಕ್ತನಾಳದಲ್ಲಿ ಸುಣ್ಣ ಕಟ್ಟಿರಬಹುದು. ಕುಸಿದು ಚಪ್ಪಟೆಯಾದ ಮೂಳೆ ಕೂಡ ಗಟ್ಟಿಯಾಗಿಯೇ ಕಾಣುತ್ತದೆ. ಅಷ್ಟೇ ಸುಣ್ಣ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುತ್ತದೆ ಅಲ್ವಾ?

ಮೊನ್ನೆ ನೋಡಿದ ಚಿತ್ರವೊಂದರಲ್ಲಿ ಎಲ್1, ಎಲ್2 ಮಸುಕಾಗಿದ್ದವು. ಎಲ್4ರ ಒಂದು ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಪಕ್ಕದ ಮೂಳೆಗೂ ಅದಕ್ಕೂ ಟಿ-ಸ್ಕೋರಿನಲ್ಲಿ 1ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅಂಥ ಮೂಳೆಯನ್ನು ಬಿಟ್ಟು ಲೆಕ್ಕ ಹಾಕಬೇಕು. ರಿಪೋರ್ಟ್ ಬರೆದವರು ಹಾಗೆ ಮಾಡಿದ್ದಾರಾ, ಕೇಳಿ.

ಬೆನ್ನು, ತೊಡೆ ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಹಿಡಿಯಬೇಕು. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ತೊಡೆಯ ಅಂಕಿಯ ಪ್ರಕಾರ ನಿಮ್ಮ ಅಮ್ಮನಿಗೆ ಅದು ಇದೆ. ನೋವೂ ಇರುವುದರಿಂದ ಬೆನ್ನಿನ ಪಕ್ಕದಿಂದ ಒಂದು ಎಕ್ಸ್‌ರೇ ತೆಗೆಸಿ. ಬೀಳದೆಯೂ ಮೂಳೆ ಕುಸಿದಿರಬಹುದು. ಮೊದಲಿಗಿಂತ ಕುಳ್ಳಗಾಗಿದ್ದಾರಾ ನೋಡಿ. ಮೂಳೆಯ ಒಳಗಿನ ಜಾಲರಿ ಹೇಗಿದೆ ಎಂದು ಅದೇ ಡೆಕ್ಸಾ ಚಿತ್ರದಿಂದ ಅಂದಾಜು ಮಾಡುವ ಟಿಬಿಎಸ್ ಅನ್ನುವ ಲೆಕ್ಕವೂ ಇದೆ. ಕೊಕ್ಕೆಗಳು ಅದನ್ನು ಅಷ್ಟಾಗಿ ಕೆಡಿಸುವುದಿಲ್ಲ. ಸಿಕ್ಕರೆ ಮಾಡಿಸಿ, ಸಿಗದಿದ್ದರೆ ಅದಕ್ಕಾಗಿ ಚಿಕಿತ್ಸೆ ತಡ ಮಾಡಬೇಡಿ.

ಇಂಥ ಬೆನ್ನನ್ನು ತಿಕ್ಕಿ, ತುಳಿದು, ‘ಲಟಕ್’ ಅನ್ನಿಸಿ ಸರಿ ಮಾಡುತ್ತೇನೆ ಅನ್ನುವವರ ಹತ್ತಿರ ದಯವಿಟ್ಟು ಕರೆದುಕೊಂಡು ಹೋಗಬೇಡಿ. ಟೊಳ್ಳಾದ ಮೂಳೆ ಆ ಒತ್ತಡಕ್ಕೇ ಮುರಿಯಬಹುದು.

ಪ್ರಶ್ನೆ: ಕ್ಯಾಂಪಿನಲ್ಲಿ ಹಿಮ್ಮಡಿಯನ್ನು ಮಷಿನ್‌ನಲ್ಲಿ ಇಟ್ಟು ಮೂಳೆ ನೋಡಿದರು. ಸಾಕಲ್ವಾ?
ಉತ್ತರ: ಸಾಲದು. ಅದು ಬೆನ್ನನ್ನು ಅಳೆಯುವುದೇ ಇಲ್ಲ.

ಪ್ರಶ್ನೆ: ಡೆಕ್ಸಾ ಕಿರಣದಿಂದ ಅಪಾಯವೇ?
ಉತ್ತರ: ಎದೆಯ ಎಕ್ಸ್‌ರೇಗಿಂತಲೂ ಕಡಿಮೆ. ಗರ್ಭಿಣಿಯರು ಮಾತ್ರ ಮೊದಲೇ ಹೇಳಿ.

ಪ್ರಶ್ನೆ: ಸ್ಕ್ಯಾನಿನ ದಿನ ಕ್ಯಾಲ್ಸಿಯಂ ಮಾತ್ರೆ?
ಉತ್ತರ: ಹಿಂದಿನ ದಿನದಿಂದಲೇ ನಿಲ್ಲಿಸಿ. ಹೊಟ್ಟೆಯಲ್ಲಿ ಕರಗದೆ ಉಳಿದ ಮಾತ್ರೆಯೂ ಬೆನ್ನುಮೂಳೆಯ ಲೆಕ್ಕಕ್ಕೆ ಸೇರಿಬಿಡುತ್ತದೆ.