ಕಿಡ್ನಿ ಗಡ್ಡೆ: ಜೀನ್ ಪರೀಕ್ಷೆಗೆ ದುಡ್ಡು ಹಾಕುವ ಮುನ್ನ

ಪ್ರಶ್ನೆ: ಅಪ್ಪನ ಎಡ ಕಿಡ್ನಿಯನ್ನು 5 ಸೆಂ.ಮೀ. ಗಡ್ಡೆಯ ಸಮೇತ ತೆಗೆದಿದ್ದಾರೆ. ರಿಪೋರ್ಟಿನಲ್ಲಿ ‘ಕ್ಲಿಯರ್ ಸೆಲ್, ಪಿಟಿ1ಬಿ, ಗ್ರೇಡ್ 2’ ಎಂದಿದೆ. ಕಾಯಿಲೆ ಮರುಕಳಿಸುತ್ತದೋ ಎಂದು ತಿಳಿಯಲು ಜೀನ್ ಎಕ್ಸ್‌ಪ್ರೆಶನ್ ಪರೀಕ್ಷೆ ಮಾಡಿಸಬೇಕೆ? — ಓದುಗರು, ಕಾರವಾರ

ಉತ್ತರ: ಸದ್ಯಕ್ಕೆ ಬೇಡ. ರಿಪೋರ್ಟಿನ ಅರ್ಥ: ಕಿಡ್ನಿ ಕ್ಯಾನ್ಸರಿನ ಸಾಮಾನ್ಯ ಬಗೆ (ಕ್ಲಿಯರ್ ಸೆಲ್), 4ರಿಂದ 7 ಸೆಂ.ಮೀ. ಒಳಗಿದ್ದು ಕಿಡ್ನಿ ದಾಟಿಲ್ಲ (ಪಿಟಿ1ಬಿ), ಕೋಶಗಳ ಉಗ್ರತೆ ಕಡಿಮೆ (ಗ್ರೇಡ್ 2). ಗಡ್ಡೆಯಲ್ಲಿ ಯಾವ ಜೀನ್ ಎಷ್ಟು ಚುರುಕಾಗಿದೆ ಎಂದು ಆರ್‌ಎನ್‌ಎ ಅಳೆದು ಹೇಳುವ ಪರೀಕ್ಷೆ ಇದು. 34 ಜೀನ್‌ಗಳ ಕ್ಲಿಯರ್‌ಕೋಡ್34, 16 ಜೀನ್‌ಗಳ ಇನ್ನೊಂದು ಸ್ಕೋರು ಅಧ್ಯಯನಗಳಲ್ಲಿ ಚೆನ್ನಾಗಿಯೇ ಕಂಡಿವೆ. ಆದರೆ ಆ ಅಂಕ ನೋಡಿ ಚಿಕಿತ್ಸೆ ಬದಲಿಸುವುದು ಇನ್ನೂ ವಾಡಿಕೆಗೆ ಬಂದಿಲ್ಲ. ಇನ್ನೊಂದು ತೊಡಕೂ ಇದೆ: ಒಂದೇ ಗಡ್ಡೆಯ ಒಂದು ಮೂಲೆ ‘ಒಳ್ಳೆಯ’ ಮಾದರಿ ತೋರಿಸಿದರೆ ಮತ್ತೊಂದು ‘ಕೆಟ್ಟ’ದ್ದನ್ನು ತೋರಿಸಬಹುದೆಂದು 2012ರಲ್ಲೇ ಗೊತ್ತಾಗಿದೆ. ಚೂರು ಎಲ್ಲಿಂದ ತೆಗೆದರೋ ಉತ್ತರವೂ ಅಲ್ಲಿಯದೇ.

ಅದರ ಬದಲು ಪೆಥಾಲಜಿಸ್ಟರನ್ನು ಒಂದು ಮಾತು ಕೇಳಿ: ನೆಕ್ರೋಸಿಸ್, ಅಂದರೆ ಸತ್ತ ಅಂಗಾಂಶ, ಇತ್ತೇ? ಕಾಯಿಲೆ ಮರುಕಳಿಸುವ ಅಪಾಯವನ್ನು ಅಂಕದಲ್ಲಿ ಹೇಳುವ ಲೀಬೊವಿಚ್ ಲೆಕ್ಕದಲ್ಲಿ ಪಿಟಿ1ಬಿಗೆ 2 ಅಂಕ, 10 ಸೆಂ.ಮೀ.ಗಿಂತ ಚಿಕ್ಕದು, ಗ್ರೇಡ್ 2, ದುಗ್ಧ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿಲ್ಲ ಎಂದಾದರೆ ಅವಕ್ಕೆ ಸೊನ್ನೆ. ಒಟ್ಟು 2, ಕಡಿಮೆ ಅಪಾಯ. ನೆಕ್ರೋಸಿಸ್ ಇದ್ದರೆ 3 ಆಗಿ ಮಧ್ಯಮಕ್ಕೆ ಏರುತ್ತದೆ, ಸ್ಕ್ಯಾನಿನ ಅಂತರವೂ ಬದಲಾಗಬಹುದು. ಪೈಸೆ ಖರ್ಚಿಲ್ಲದ ಪ್ರಶ್ನೆ ಇದು.

ಪ್ರಶ್ನೆ: ನಮ್ಮ ಲ್ಯಾಬಿನಿಂದ ಜೀನ್ ಪರೀಕ್ಷೆಗೆ ಕಳಿಸಿದ ಕಿಡ್ನಿ ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ‘ಆರ್‌ಎನ್‌ಎ ಹಾಳಾಗಿದೆ’ ಎಂದು ವಾಪಸ್ ಬಂತು. ತಪ್ಪಿದ್ದೆಲ್ಲಿ? — ಲ್ಯಾಬ್ ತಂತ್ರಜ್ಞರು, ಕುಮಟಾ

ಉತ್ತರ: ಬಹುತೇಕ ಡಬ್ಬಿಯಲ್ಲೇ. ಇಡೀ ಕಿಡ್ನಿಯನ್ನು ಹಾಗೇ ಮುಳುಗಿಸಿಟ್ಟರೆ ಫಾರ್ಮಾಲಿನ್ (ಅಂಗಾಂಶ ಕೆಡದಂತೆ ಗಟ್ಟಿಮಾಡುವ ದ್ರಾವಣ) ಗಂಟೆಗೆ ಹೆಚ್ಚೆಂದರೆ ಸುಮಾರು 1 ಮಿ.ಮೀ. ಒಳಗಿಳಿಯುತ್ತದೆ. ಹೊರಗೆ ಗಟ್ಟಿ, ನಡುವೆ ಕೊಳೆತ. ಶುಕ್ರವಾರ ಸಂಜೆ ತೆಗೆದು ಸೋಮವಾರ ತೆರೆದ ಸ್ಪೆಸಿಮನ್‌ನ ಗತಿ ಸಾಮಾನ್ಯವಾಗಿ ಇದೇ. ಪೆಥಾಲಜಿಸ್ಟರ ಒಪ್ಪಿಗೆ ಪಡೆದು, ಮೇಲ್ಮೈಗೆ ಶಾಯಿ ಹಚ್ಚಿ, ಒಂದು ಗಂಟೆಯೊಳಗೆ ಹೊರ ಅಂಚಿನಿಂದ ಹೈಲಮ್ (ರಕ್ತನಾಳಗಳು ಒಳಹೋಗುವ ಒಳಬಾಗಿದ ಜಾಗ) ಕಡೆಗೆ ಸೀಳಬೇಕು. ಶೇ. 10ರ ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್, ಅಂಗಾಂಶದ ಹತ್ತು ಪಟ್ಟು. ಬಫರ್ ಇಲ್ಲದ್ದು ಆಮ್ಲೀಯವಾಗಿ ಆರ್‌ಎನ್‌ಎಯನ್ನು ತುಂಡರಿಸುತ್ತದೆ. 24ರಿಂದ 48 ಗಂಟೆ ಸಾಕು. ವಾರಗಟ್ಟಲೆ ನೆನೆಸಿದರೂ ನಷ್ಟವೇ. ಡಬ್ಬಿಯ ಬಾಯಿ ಅಗಲವಿರಲಿ: ಮೆತ್ತಗಿದ್ದಾಗ ಒಳಹೋದದ್ದು ಗಟ್ಟಿಯಾದ ಮೇಲೆ ಹೊರಬರುವುದಿಲ್ಲ.

ಬ್ಲಾಕ್ ಆರಿಸುವಾಗ ರಕ್ತಸ್ರಾವ, ನೆಕ್ರೋಸಿಸ್ ಇರುವ ಜಾಗ ಬಿಡಿ. ಗಾಳಿಗೆ ತೆರೆದಿದ್ದ ಮೇಲಿನ ಒಂದೆರಡು ಪದರ ತೆಗೆದೆಸೆದು 10 ಮೈಕ್ರಾನ್ ಸುರುಳಿ ಕತ್ತರಿಸಿ. ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಹೋಗುವಾಗ ಬ್ಲೇಡ್ ಬದಲಿಸಿ. 200 ನ್ಯೂಕ್ಲಿಯೊಟೈಡ್‌ಗಿಂತ (ಆರ್‌ಎನ್‌ಎ ಸರಪಳಿಯ ಕೊಂಡಿ) ಉದ್ದದ ಆರ್‌ಎನ್‌ಎ ತುಣುಕು ಶೇ. 30ಕ್ಕಿಂತ ಕಡಿಮೆಯಿದ್ದರೆ ಹಲವು ಲ್ಯಾಬ್‌ಗಳು ತಿರಸ್ಕರಿಸುತ್ತವೆ. ಕರಾವಳಿಯ ಮಳೆಗಾಲದಲ್ಲಿ ಕತ್ತರಿಸಿದ್ದನ್ನು ಸಿಲಿಕಾ ಜೆಲ್ ಜೊತೆ ಅಂದೇ ಕಳಿಸಿ. ಬ್ಲಾಕ್ ಒಯ್ಯುವವರು ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಬಾರದು.

ಪ್ರಶ್ನೆ: ಅಣ್ಣನಿಗೆ 39ರಲ್ಲೇ ಎರಡೂ ಕಿಡ್ನಿಯಲ್ಲಿ ಗಡ್ಡೆ. ನನ್ನ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆಯೇ? — ಓದುಗರು, ಶಿರಸಿ

ಉತ್ತರ: ಗಡ್ಡೆಯನ್ನು ಆರಂಭದಲ್ಲೇ ಹಿಡಿಯುವ, ವಾಡಿಕೆಯಲ್ಲಿರುವ ರಕ್ತ ಪರೀಕ್ಷೆ ಇಲ್ಲ. ಆದರೆ ನಿಮ್ಮದು ಬೇರೆಯೇ ಪ್ರಶ್ನೆ: ವಂಶದಲ್ಲಿ ಬಂದ ದೋಷ. 46 ದಾಟುವ ಮೊದಲೇ, ಅದೂ ಎರಡೂ ಕಡೆ ಎಂದರೆ ಜೆನೆಟಿಕ್ ಕೌನ್ಸೆಲಿಂಗ್ ಬೇಕೇ ಬೇಕು. ಮೊದಲು ಅಣ್ಣನ ರಕ್ತದಲ್ಲಿ, ಕೆಟ್ಟರೆ ವಂಶದಲ್ಲಿ ಕಿಡ್ನಿ ಗಡ್ಡೆ ತರುವ ವಿಎಚ್‌ಎಲ್ ಮುಂತಾದ ಜೀನ್‌ಗಳನ್ನು ನೋಡಿಸಿ. ದೋಷ ಸಿಕ್ಕರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಅಷ್ಟರಲ್ಲಿ ಒಂದು ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಿ.