ಅರ್ಧ ಸೆಕೆಂಡಿನ ಸುಳಿವು: ಒಂದು ಹಸ್ತಪ್ರತಿಗೆ ಉತ್ತರ

ಪ್ರಿಯ ಲೇಖಕರೇ,

ಜನಪ್ರಿಯ ಟಿವಿ ಸರಣಿಯೊಂದರ ಪಾತ್ರಗಳನ್ನು ಇಟ್ಟುಕೊಂಡು, ಅನ್ಯಗ್ರಹಜೀವಿಗಳು ಮನುಷ್ಯರ ವೇಷದಲ್ಲಿ ಒಂದು ದೊಡ್ಡ ಮಾಧ್ಯಮ ಸಂಸ್ಥೆಯೊಳಗೆ ಸೇರಿಕೊಳ್ಳುವ ಕಥೆಯಾಗಿ ನೀವು ಬರೆದಿರುವ ಕಾದಂಬರಿಯನ್ನು ಪೂರ್ತಿ ಓದಿದೆ. ಇದನ್ನು ನಾವು ಪ್ರಕಟಿಸಲಾರೆವು. ಅದಕ್ಕಿರುವ ಕಾರಣಗಳಲ್ಲಿ ಒಂದು ಮಾತ್ರ ನಿಮ್ಮ ಬರವಣಿಗೆಗೆ ಸಂಬಂಧಿಸಿದ್ದಲ್ಲ, ಆದ್ದರಿಂದ ಅದನ್ನು ಮೊದಲೇ ಹೇಳಿ ಮುಗಿಸುತ್ತೇನೆ.

ಆ ಪಾತ್ರಗಳು ನಿಮ್ಮವಲ್ಲ. ಹಕ್ಕುದಾರರು ಪ್ರಕಾಶಕರೊಬ್ಬರಿಗೆ ಪರವಾನಗಿ ಕೊಟ್ಟು, ಪ್ರಕಾಶಕರು ಲೇಖಕರನ್ನು ಗೊತ್ತುಮಾಡಿ, ಅವರು ಬರೆದುಕೊಟ್ಟ ಕಥಾಸಾರವನ್ನು ಹಕ್ಕುದಾರರು ಒಪ್ಪಿದ ಮೇಲೆ ಮೊದಲ ಅಧ್ಯಾಯ ಶುರುವಾಗುವುದು ಈ ಬಗೆಯ ಪುಸ್ತಕಗಳ ಸಾಮಾನ್ಯ ಕ್ರಮ. ಒಪ್ಪಿಗೆ ಸಿಕ್ಕಿದ್ದರೂ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಸರಣಿಯ ನಾಯಕಿಯನ್ನು ಕೊಲ್ಲಲು ನಿಮ್ಮನ್ನು ಯಾರೂ ಬಿಡುತ್ತಿರಲಿಲ್ಲ. ಎರವಲು ತಂದ ಪಾತ್ರವನ್ನು ತಂದ ಹಾಗೆಯೇ ಹಿಂತಿರುಗಿಸಬೇಕಾಗುತ್ತದೆ. ಮೂಲಕಥೆ ಮುಂದೆ ಎತ್ತ ಹೊರಳುತ್ತದೆ ಎಂಬುದೂ ಬರೆಯುವವರ ಕೈಯಲ್ಲಿರುವುದಿಲ್ಲ. ಅಲನ್ ಡೀನ್ ಫಾಸ್ಟರ್ 1978ರಲ್ಲಿ ಸ್ಟಾರ್ ವಾರ್ಸ್ ಚಿತ್ರದ ಕಥೆಯನ್ನು ಮುಂದುವರಿಸಿ ಬರೆದ ಕಾದಂಬರಿಯಲ್ಲಿ ನಾಯಕ ಲ್ಯೂಕ್ ಮತ್ತು ನಾಯಕಿ ಲೇಯಾರ ನಡುವೆ ಒಲವಿನ ಎಳೆಯೊಂದಿದೆ. ಅದೇ ಸರಣಿಯ 1983ರ ಚಿತ್ರ ಅವರಿಬ್ಬರನ್ನು ಒಡಹುಟ್ಟಿದವರೆಂದು ಸಾರಿಬಿಟ್ಟಿತು. ಪಾಪ, ಕಾದಂಬರಿಕಾರ ಏನು ತಾನೇ ಮಾಡಬೇಕಿತ್ತು?

ಇನ್ನು ಬರವಣಿಗೆಯ ವಿಷಯ. ಮೇಕಪ್ ಕೋಣೆಯ ಕನ್ನಡಿಯೆದುರು ಕುಳಿತು, ಮನುಷ್ಯರು ಎಷ್ಟು ಹೊತ್ತಿಗೊಮ್ಮೆ ರೆಪ್ಪೆ ಬಡಿಯುತ್ತಾರೆಂದು ಎಣಿಸುತ್ತಾ ಅಭ್ಯಾಸ ಮಾಡುವ ಆ ವಾರ್ತಾವಾಚಕಿಯ ದೃಶ್ಯ ಓದಿ ನಾನು ಪುಟ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಓದಿದೆ. ದೀಪಗಳ ಶಾಖದಲ್ಲಿ ಒಂದು ಗಂಟೆ ಕುಳಿತು ಬಂದವಳ ಹಣೆಯ ಮೇಲೆ ಪೌಡರು ಹಚ್ಚಿದ ಹಾಗೆಯೇ ಇರುವುದನ್ನು ಕಂಡು ಮೇಕಪ್ ಕಲಾವಿದೆ ಏನೂ ಹೇಳದೆ ಹತ್ತಿಯನ್ನು ಡಬ್ಬಿಗೆ ವಾಪಸು ಹಾಕುತ್ತಾಳಲ್ಲ, ಅಲ್ಲಿ ನೀವು ಕಾದಂಬರಿಕಾರರು. ದುರದೃಷ್ಟವಶಾತ್ ಆ ಕಲಾವಿದೆ ಮತ್ತೆಲ್ಲೂ ಬರುವುದಿಲ್ಲ. ಅವಳ ಬದಲು ಅನ್ಯಗ್ರಹಜೀವಿಗಳ ಜೀರ್ಣಾಂಗದ ಬಗ್ಗೆ ಹನ್ನೆರಡು ಪುಟಗಳು ಬರುತ್ತವೆ.

ಆ ಜೀವಿಗಳನ್ನು ನೀವು ಚೆನ್ನಾಗಿ ಬಲ್ಲಿರಿ, ಅವು ಸೇರಿಕೊಂಡ ಕಚೇರಿಯನ್ನು ಬಲ್ಲವರಲ್ಲ. ಗಾಜಿನ ಕೋಣೆಯಲ್ಲಿ ಕುಳಿತ ಅಧ್ಯಕ್ಷ ಫೋನಿನಲ್ಲಿ ಒಂದು ಮಾತು ಹೇಳಿದೊಡನೆ ಇಡೀ ವಾಹಿನಿ ಜನರನ್ನು ಮಂಕುಗೊಳಿಸುವ ತರಂಗವನ್ನು ಬಿತ್ತರಿಸುತ್ತದೆ. ನಡುವೆ ಇರುವ, ಸುದ್ದಿ ತರಿಸಿಕೊಳ್ಳುವ ಇನ್‌ಪುಟ್ ಡೆಸ್ಕು, ಅದನ್ನು ಪ್ರಸಾರಕ್ಕೆ ಅಣಿಗೊಳಿಸುವ ಔಟ್‌ಪುಟ್ ಡೆಸ್ಕು, ಪ್ರಸಾರವನ್ನು ನಿಯಂತ್ರಿಸುವ ಕೋಣೆಯಾದ ಪಿಸಿಆರ್‌ನಲ್ಲಿ ಎಣಿಕೆ ಹೇಳುವ ನಿರ್ದೇಶಕ, ಸುದ್ದಿಗಳ ಕ್ರಮಪಟ್ಟಿಯಾದ ರನ್‌ಡೌನ್ ಬದಲಾಯಿತೆಂದು ಬೈದುಕೊಳ್ಳುವ ಪ್ರೊಡ್ಯೂಸರ್, ಇವರೆಲ್ಲ ಎಲ್ಲಿ ಹೋದರು? ಅನುಮಾನ ಹುಟ್ಟಬೇಕಾದದ್ದು, ಹುಟ್ಟಿದ ಅನುಮಾನವನ್ನು ಕೆಲಸದ ಗಡಿಬಿಡಿಯಲ್ಲಿ ನುಂಗಿಕೊಳ್ಳಬೇಕಾದದ್ದು ಇಂಥವರೇ ಅಲ್ಲವೇ? ನಿಜ ಹೇಳಬೇಕೆಂದರೆ ನಿಮ್ಮ ಆಕ್ರಮಣಕಾರರಿಗೆ ತರಂಗದ ಅಗತ್ಯವೇ ಇಲ್ಲ. ಅವರಲ್ಲಿ ಒಬ್ಬ ರಾತ್ರಿ ಪಾಳಿಯ ಬುಲೆಟಿನ್ ಪ್ರೊಡ್ಯೂಸರ್ ಆಗಿ, ದಿನಕ್ಕೊಂದು ಸುದ್ದಿಯನ್ನು ಮೊದಲು ಐದನೆಯ ಸ್ಥಾನಕ್ಕೆ, ಆಮೇಲೆ ಕೊನೆಗೆ ಇಳಿಸಿ, ಸಮಯ ಸಾಲದೆಂದು ಬಿಟ್ಟುಬಿಟ್ಟರೆ ಸಾಕು.

ಎಂಟನೆಯ ಅಧ್ಯಾಯದ ನೇರಪ್ರಸಾರದಲ್ಲಿ ಒಂದು ತಪ್ಪಿದೆ. ಇನ್ನೊಂದು ಖಂಡದಿಂದ ಉಪಗ್ರಹದ ಮೂಲಕ ಮಾತನಾಡುತ್ತಿರುವ ವರದಿಗಾರ, ವಾಚಕಿಯ ಪ್ರಶ್ನೆ ಮುಗಿದ ಕ್ಷಣವೇ ಉತ್ತರಿಸುತ್ತಾನೆ. ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ಸಮಭಾಜಕದಿಂದ 35,786 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಸಂಕೇತ ಅಲ್ಲಿಗೆ ಏರಿ ಇಳಿಯುವಷ್ಟರಲ್ಲಿ ಸುಮಾರು ಕಾಲು ಸೆಕೆಂಡು ಕಳೆಯುತ್ತದೆ, ಉತ್ತರ ಮರಳಿ ಬರಲು ಮತ್ತೆ ಅಷ್ಟೇ ಹೊತ್ತು ಬೇಕು. ಆದ್ದರಿಂದಲೇ ವರದಿಗಾರರು ಕಿವಿಯ ಇಯರ್‌ಪೀಸ್ ಒತ್ತಿಕೊಂಡು, ಪ್ರಶ್ನೆ ಮುಗಿದ ಮೇಲೂ ಅರೆಗಳಿಗೆ ಸುಮ್ಮನೆ ನಿಂತಂತೆ ನಮಗೆ ಕಾಣುತ್ತದೆ. ದಯವಿಟ್ಟು ಈ ತಪ್ಪನ್ನು ತಿದ್ದಬೇಡಿ. ವರ್ಷಾನುಗಟ್ಟಲೆ ಆ ಅರ್ಧ ಸೆಕೆಂಡನ್ನು ಕೇಳಿಸಿಕೊಂಡೇ ಬಂದಿರುವ ಶಬ್ದ ತಂತ್ರಜ್ಞನೊಬ್ಬನನ್ನು ಪಿಸಿಆರ್‌ನಲ್ಲಿ ಕೂರಿಸಿ, ಅದು ಇಲ್ಲದಾದದ್ದನ್ನು ಅವನ ಕಿವಿ ಗುರುತಿಸಲಿ. ವಾಚಕಿಯೂ ವರದಿಗಾರನೂ ಒಂದೇ ಜಾತಿಯ ಜೀವಿಗಳು, ಅವರಿಗೆ ಉಪಗ್ರಹ ಬೇಕಾಗಿಲ್ಲ, ಕಾಯುವಂತೆ ನಟಿಸಲು ಮಾತ್ರ ಮರೆತಿದ್ದಾರೆ. ಗೊತ್ತಿಲ್ಲದೆ ನೀವು ಇಡೀ ಪುಸ್ತಕದ ಅತ್ಯುತ್ತಮ ಸುಳಿವನ್ನು ಬರೆದುಬಿಟ್ಟಿದ್ದೀರಿ.

ಇನ್ನೊಂದು ಚಿಕ್ಕ ವಿಷಯ. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1898ರಲ್ಲಿ ಪುಸ್ತಕವಾಗಿ ತಂದ ಮಂಗಳವಾಸಿಗಳ ದಾಳಿಯ ಕಥೆಯನ್ನು ನಟ, ನಿರ್ದೇಶಕ ಆರ್ಸನ್ ವೆಲ್ಸ್ 1938ರ ಅಕ್ಟೋಬರ್ 30ರಂದು ಅಮೆರಿಕದ ಸಿಬಿಎಸ್ ರೇಡಿಯೋದಲ್ಲಿ ವಾರ್ತೆಯ ಧಾಟಿಯಲ್ಲಿ ಪ್ರಸಾರ ಮಾಡಿದಾಗ ಇಡೀ ಅಮೆರಿಕವೇ ಬೀದಿಗಿಳಿಯಿತೆಂದು ನಿಮ್ಮ ಕಾದಂಬರಿಯ ಪ್ರೊಫೆಸರ್ ಭಾಷಣ ಮಾಡುತ್ತಾರೆ. ಕೆಲವರು ಹೆದರಿದ್ದು ನಿಜ. ದೇಶವ್ಯಾಪಿ ಕೋಲಾಹಲವೆಂಬುದು ಬಹುಮಟ್ಟಿಗೆ ಮರುದಿನದ ಪತ್ರಿಕೆಗಳು ಉಬ್ಬಿಸಿದ್ದೆಂದು ಮಾಧ್ಯಮ ಇತಿಹಾಸಕಾರರು ಈಚೆಗೆ ತೋರಿಸಿದ್ದಾರೆ. ರೇಡಿಯೋ ಆಗ ಪತ್ರಿಕೆಗಳ ಜಾಹೀರಾತನ್ನು ಕಸಿಯುತ್ತಿದ್ದ ಹೊಸ ಎದುರಾಳಿ. ಮಾಧ್ಯಮವನ್ನೇ ಕುರಿತ ಕಾದಂಬರಿಗೆ ಈ ಎರಡನೆಯ ಕಥೆ ಹೆಚ್ಚು ಒದಗುತ್ತದೆ, ಪ್ರೊಫೆಸರ್ ಬೇಕಿದ್ದರೆ ಅದನ್ನು ಹೇಳಲಿ, ಒಂದೂವರೆ ಪುಟ ಮೀರದಂತೆ.

ಸರಣಿಯ ಹೆಸರುಗಳನ್ನೂ ಅಂತರಿಕ್ಷ ನೌಕೆಯನ್ನೂ ತೆಗೆದುಹಾಕಿ, ನಿಮ್ಮದೇ ಜನರನ್ನಿಟ್ಟು ಬರೆಯುವ ಮನಸ್ಸಿದ್ದರೆ ಮೊದಲ ಮೂರು ಅಧ್ಯಾಯಗಳನ್ನು ಕಳುಹಿಸಿ. ಮೇಕಪ್ ಕಲಾವಿದೆಯೂ ಶಬ್ದ ತಂತ್ರಜ್ಞನೂ ಅಷ್ಟರೊಳಗೆ ಒಮ್ಮೆಯಾದರೂ ಮಾತನಾಡಿಕೊಂಡಿರಲಿ.

ವಿಶ್ವಾಸದಿಂದ,
ಸಂಪಾದಕ