ಹೆಸರು ಮರೆಮಾಡುವುದೇ ತಪ್ಪಲ್ಲ

ಶಿರಸಿಯ ಅಕ್ಕನವರೇ, 13 ವರ್ಷದ ಮಗಳಿಗೆ ಸುಳ್ಳು ಹೆಸರಿನ ಖಾತೆಯಿಂದ ಸಂದೇಶ ಬರುತ್ತಿದೆ, ಜಾಲತಾಣದಲ್ಲಿ ಖಾತೆ ತೆರೆಯಲು ಎಲ್ಲರಿಗೂ ಆಧಾರ್ ಕಡ್ಡಾಯ ಮಾಡಬಾರದೇ ಎಂದು ಕೇಳಿದ್ದೀರಿ. ಕಾರವಾರದಲ್ಲಿ ನನ್ನ ತಂಗಿಯ ಮಗಳಿಗೂ ಹೀಗೆಯೇ ಆಗಿತ್ತು. ‘ಊಟವಾಯಿತೇ’ ಎಂದು ಶುರುವಾದದ್ದು ನಾಲ್ಕನೆಯ ದಿನಕ್ಕೆ ‘ಫೋಟೊ ಕಳಿಸು, ಅಮ್ಮನಿಗೆ ಹೇಳಬೇಡ’ ಎಂಬಲ್ಲಿಗೆ ಬಂದಿತ್ತು.

ಆದರೂ ಆಧಾರ್ ಬೇಡವೆನ್ನುತ್ತೇನೆ. ಮನೆಯವರಿಂದಲೇ ಹಿಂಸೆ ಅನುಭವಿಸುವ ಹುಡುಗಿ ಹೆಸರು ಮರೆಮಾಡಿಯೇ ಸಹಾಯ ಕೇಳಬೇಕಲ್ಲವೇ? ನಮಗೆ ಕಾಣದ ಹೆಸರು ಪೊಲೀಸರಿಗೂ ಸಿಗದೆಂದೇನಿಲ್ಲ; ಖಾತೆಯ ಫೋನ್ ಸಂಖ್ಯೆ, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತುಸಂಖ್ಯೆ)ಗಳನ್ನು ಅವರು ಕಂಪನಿಯಿಂದ ಕೇಳಿ ಪಡೆಯಬಹುದು. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇ ಪದೇ ಸಂಪರ್ಕಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ.

ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟು ಇವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಗಳ ಫೋನ್ ಮಾತ್ರ ಕಿತ್ತುಕೊಳ್ಳಬೇಡಿ. ನಮ್ಮವಳು ಆ ಭಯಕ್ಕೇ ವಾರವಿಡೀ ಬಾಯಿಬಿಟ್ಟಿರಲಿಲ್ಲ.